ಡೋರಮ್ಮನ ಡಬ್ಬಿಗಳು

"ಲೇ ಬಚ್ಚಪ್ಪ, ನಿನ್ ಕತೇಲಿ ಎಲ್ರೂ ಮಾತಾಡ್ತಾರೆ ಕಣ್ಲಾ. ಯಾರೂ ಏನೂ ಮಾಡಲ್ಲ."

ಬಂಗಾರಪೇಟೆಯ ಹುಣಿಸೆಹಣ್ಣಿನ ಮಂಡಿಯಲ್ಲಿ, ಮೂಟೆಯ ಮೇಲೆ ಕಾಲು ಚಾಚಿ ಕೂತು, ಸಾವ್ಕಾರ್ ಮುನಿಸ್ವಾಮಪ್ಪ ಈ ಮಾತು ಹೇಳಿದ್ದು ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ. ಹೇಳಿದ್ದು ಸಾಲದೆಂದು ಆಕಳಿಸಿದ. ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಹಮಾಲಿಗಳು ಕಿಸಕ್ಕನೆ ನಕ್ಕರು. ಸಿನಿಮಾ ತೆಗೆಯುವ ಸಾವ್ಕಾರ ಆಕಳಿಸಿದರೆ ಕತೆ ಬರೆದವನು ಸಹಿಸಿಕೊಂಡಾನು, ಹಮಾಲಿಗಳು ನಕ್ಕರೆ ಹೇಗೆ ಸಹಿಸುವುದು? ಬಚ್ಚಪ್ಪನ ಹೊಟ್ಟೆಯಲ್ಲಿ ಅವತ್ತು ಹತ್ತಿಕೊಂಡ ಉರಿ ಹೆಂಡತಿ ಕನಕಮ್ಮ ಮಾಡಿಟ್ಟಿದ್ದ ಮಜ್ಜಿಗೆಗೂ ಆರಲಿಲ್ಲ.

ಬಚ್ಚಪ್ಪ ಯಾರು ಅಂತ ಹೇಳಿಬಿಡಬೇಕು. ಕೆ.ಜಿ.ಎಫ್.ನ ಊರಿಗಾಂನಲ್ಲಿ, ಬಿಳಿ ದೊರೆಗಳ ಕಾಲದಲ್ಲಿ ಕಟ್ಟಿದ ಒಂದು ಹಳೆ ಹಾಲ್ ಇತ್ತು. ದೊರೆಗಳು ಹೋಗಿ ನಮ್ಮ ಆಫೀಸರುಗಳು ಬಂದ ಮೇಲೂ ಅಲ್ಲಿ ಶನಿವಾರಕ್ಕೊಂದು ಸಿನಿಮಾ ಹಾಕುತ್ತಿದ್ದರು. ಆ ಮಷೀನು ತಿರುಗಿಸುವ ಆಪರೇಟರ್ ನಮ್ಮ ಬಚ್ಚಪ್ಪ. ಹುಟ್ಟಿದ್ದು ಬೂದಿಕೋಟೆ ಕಡೆ, ಮನೆ ಮಾಡಿದ್ದು ಬಂಗಾರಪೇಟೆಯಲ್ಲಿ, ಓಡಾಟವೆಲ್ಲ ಕೆ.ಜಿ.ಎಫ್. ರೈಲಿನಲ್ಲಿ. ಇಪ್ಪತ್ತು ವರ್ಷದಲ್ಲಿ ಯಾರ್ಯಾರದೋ ಹೆಸರನ್ನು ತನ್ನ ಕೈಯಾರೆ ಪರದೆ ಮೇಲೆ ಬಿಟ್ಟಿದ್ದ. ಕತೆ ಇಂಥವರು, ಸಂಗೀತ ಇಂಥವರು, ಕೊನೆಗೆ ಊಟದ ವ್ಯವಸ್ಥೆ ಇಂಥವರು ಅಂತಲೂ ಬರುತ್ತಿತ್ತು. ಅಡಿಗೆಯವನ ಹೆಸರು ಪರದೆ ಮೇಲೆ ಬಂದ ದಿನ ಬಚ್ಚಪ್ಪ ಎರಡು ತುತ್ತು ಕಡಿಮೆ ಉಂಡ. 'ಕತೆ: ಬಚ್ಚಪ್ಪ' ಅಂತ ಒಂದೇ ಒಂದು ಸಲ ಆ ಬಿಳಿ ಬಟ್ಟೆ ಮೇಲೆ ಬಂದುಬಿಟ್ಟರೆ ಸಾಕು, ಆಮೇಲೆ ಸತ್ತರೂ ಚಿಂತೆಯಿಲ್ಲ ಅನ್ನುವಷ್ಟು ಆಸೆ ಅವನಿಗೆ. ನಗಬೇಡಿ. ಆಸೆ ಅಂದರೆ ಆಸೆಯೇ.

ಆ ಅವಮಾನದ ಮರುವಾರವೇ ಅವನ ಅದೃಷ್ಟ ತೆರೆದದ್ದು. ಹಾಲಿನ ವೇದಿಕೆಯ ಕೆಳಗೆ ಹೆಗ್ಗಣ ಸತ್ತು ನಾರುತ್ತಿದೆ ಅಂತ ಆಫೀಸರ ಹೆಂಡತಿ ಮೂಗು ಮುಚ್ಚಿಕೊಂಡಿದ್ದಳು. ಹುಡುಕುವುದಕ್ಕೆ ಬಚ್ಚಪ್ಪ ತೆವಳಿಕೊಂಡು ಒಳಗೆ ಹೋದ. ಹೆಗ್ಗಣ ಸಿಕ್ಕಿತು. ಅದರ ಹಿಂದೆ ಒಂದು ದೊಡ್ಡ ಮರದ ಪೆಟ್ಟಿಗೆಯೂ ಸಿಕ್ಕಿತು. ಪೆಟ್ಟಿಗೆ ತುಂಬ ಫಿಲಂ ಡಬ್ಬಿಗಳು, ಜೊತೆಗೆ ಕೈಯಲ್ಲಿ ಹಿಡಿ ತಿರುಗಿಸಿ ಓಡಿಸುವ ಪುರಾತನ ಮಷೀನು. ಮೂಕಿ ಚಿತ್ರಗಳು! ಟಾಕಿ ಬಂದ ಮೇಲೆ ಯಾರಿಗೂ ಬೇಡವಾಗಿ ದೊರೆಗಳು ಅಲ್ಲೇ ಬಿಸಾಕಿ ಹೋಗಿದ್ದವು. ಪೆಟ್ಟಿಗೆಯನ್ನು ಹೊರಗೆ ಎಳೆತಂದ. ಪರದೆಯ ಬುಡದಲ್ಲಿ, ಹಿಂದಿನ ದೊಡ್ಡ ಬಾಗಿಲ ಹತ್ತಿರ, ಎಂದಿನಿಂದಲೋ ಬಿದ್ದಿದ್ದ ಕೆಂಪು ಬಣ್ಣ ಬಳಿದ ಕಬ್ಬಿಣದ ಬಕೆಟ್ಟುಗಳ ಸಾಲು, ಒಂದು ಉದ್ದನೆಯ ತಗಡಿನ ಪಿಚಕಾರಿ. ಬಚ್ಚಪ್ಪ ಅವನ್ನು ನೋಡಿ ತಲೆದೂಗಿದ. ಆ ಕಾಲದ ಫಿಲಮ್ಮು ಅಂದರೆ ಪಟಾಕಿ ಇದ್ದ ಹಾಗೆ, ಕಿಡಿ ತಗುಲಿದರೆ ಮುಗಿಯಿತು. ಬೆಂಕಿ ಆರಿಸುವುದಕ್ಕೆ ನೀರು ಇಟ್ಟುಕೊಂಡಿದ್ದರು, ದೊರೆಗಳು ಎಷ್ಟು ಜಾಗರೂಕತೆಯ ಜನ ನೋಡು ಅಂದುಕೊಂಡ. ಒಂದು ಬಕೆಟ್ ತಂದು ಬೋರಲು ಹಾಕಿ, ಅದರ ಮೇಲೆ ಕೂತು, ಮಷೀನಿಗೆ ದೀಪ ಹೊಂದಿಸಿ ಹಿಡಿ ತಿರುಗಿಸಿದ.

ಅಬ್ಬಬ್ಬಾ! ಕೆಲವು ಡಬ್ಬಿ ಅಂಟು ಹಿಡಿದು ಬೆಲ್ಲದ ಪಾಕವಾಗಿದ್ದವು ನಿಜ. ಆದರೆ ಓಡಿದವು ಹೇಗೆ ಓಡಿದವು ಅಂತೀರಿ! ಯಾರೂ ಮಾತೇ ಆಡರು, ಎಲ್ಲರೂ ಏನಾದರೊಂದು ಮಾಡುತ್ತಲೇ ಇರುತ್ತಾರೆ. ಓಡುತ್ತಾರೆ, ಬೀಳುತ್ತಾರೆ, ಮಗು ಬದಲಾಯಿಸುತ್ತಾರೆ, ಸೇತುವೆಯಿಂದ ಧುಮುಕುತ್ತಾರೆ. ಮುನಿಸ್ವಾಮಪ್ಪ ಆಕಳಿಸಿಕೊಂಡು ಕೇಳಿದ್ದು ಇದನ್ನೇ ಅಲ್ಲವೇ? ಪ್ರತಿ ಚಿತ್ರದ ಮೊದಲಲ್ಲೂ ಒಂದೇ ಹೆಸರು ಬರುತ್ತಿತ್ತು: ಕತೆ, ಡೋರಾ ಪಿಂಕ್ನಿ.

ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಆಕೆಯ ಫೋಟೋವೇ ಇತ್ತು. ಟೋಪಿ ಹಾಕಿಕೊಂಡ ದುಂಡು ಮುಖದ ಹೆಂಗಸು. ಎಸ್ಸೆಸ್ಸೆಲ್ಸಿಯ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಬಚ್ಚಪ್ಪ ಓದಿಕೊಂಡ. ಅಮೆರಿಕದ ಯಾವುದೋ ಸಣ್ಣೂರಿನ ಹುಡುಗಿ. ಸಿನಿಮಾ ಕಂಪನಿಯಲ್ಲಿ ಟೈಪು ಹೊಡೆಯುವ ಕೆಲಸಕ್ಕೆ ಸೇರಿ, ಬೇರೆಯವರ ಕತೆ ಟೈಪು ಮಾಡುತ್ತಾ ಮಾಡುತ್ತಾ 'ಇದಕ್ಕಿಂತ ನಾನೇ ಚೆನ್ನಾಗಿ ಬರೀತೀನಿ' ಅಂದಳಂತೆ. ಬರೆದೂ ಬರೆದಳು. ವಾರಕ್ಕೊಂದು ಕತೆ, ಕೆಲವು ವಾರ ಎರಡು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೊಲೆ, ಮಧ್ಯಾಹ್ನ ಮದುವೆ. ಮುನ್ನೂರು ಸಿನಿಮಾ ಆಕೆಯದು! ಆಮೇಲೆ ಟಾಕಿ ಬಂತು. ನಿನ್ನ ಕತೆಯ ಜನಕ್ಕೆ ಮಾತು ಬರಲ್ಲ ಅಂತ ಕಂಪನಿಯವರು ಮನೆಗೆ ಕಳಿಸಿದರು. ಸಮುದ್ರದ ದಡದಲ್ಲಿ ಕೋಳಿ ಸಾಕಿಕೊಂಡಿದ್ದು, ಮಕ್ಕಳಿಲ್ಲದೆ ತೀರಿಹೋದಳು ಅಂತ ಪತ್ರಿಕೆ ಮುಗಿದಿತ್ತು. ಬಚ್ಚಪ್ಪನ ಕಣ್ಣು ತುಂಬಿಕೊಂಡವು. ಪಾಪ, ಎಂಥ ಹೆಂಗಸು! ಆಕೆಗೆ ಮಾತಿಲ್ಲದ್ದಕ್ಕೆ ಕೆಲಸ ಹೋಯಿತು, ತನಗೆ ಮಾತು ಜಾಸ್ತಿಯಾಗಿ ಕೆಲಸ ಸಿಗಲಿಲ್ಲ. ಇಬ್ಬರೂ ಸೇರಿದರೆ ಒಂದು ಪೂರ್ತಿ ರೈಟರ್ ಆಗುತ್ತಿತ್ತು. ಅವತ್ತಿನಿಂದ ಆಕೆ ಅವನ ಪಾಲಿಗೆ ಡೋರಮ್ಮ ಆದಳು, ಕಳ್ಳತನಕ್ಕೆ ಒಂದು ನಂಟಸ್ತಿಕೆಯೂ ಸಿಕ್ಕಿತು.

ಇನ್ನು ಕದಿಯುವುದೊಂದೇ ಬಾಕಿ. ಇಷ್ಟು ಅಚ್ಚುಕಟ್ಟಾದ ಕಳ್ಳತನ ಈ ಸೀಮೆಯಲ್ಲಿ ಹಿಂದೆ ನಡೆದಿಲ್ಲ ಅಂತ ಬಚ್ಚಪ್ಪನ ನಂಬಿಕೆ. ಒಂದೊಂದೇ ಎಳೆ ಹಿಡಿದು ಯೋಚಿಸಿದ. ಬರೆದವಳು ಸತ್ತಿದ್ದಾಳೆ, ವಾರಸುದಾರರಿಲ್ಲ. ಡಬ್ಬಿಗಳು ಯಾರ ಪಟ್ಟಿಯಲ್ಲೂ ಇಲ್ಲ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಂದೊಂದನ್ನೇ ನೋಡಿ, ತಲೆಗೆ ತುಂಬಿಕೊಂಡು, ಆಮೇಲೆ ಫಿಲಮ್ಮನ್ನು ಬಳೆ ಮಾಡುವವರಿಗೆ ಕೊಟ್ಟುಬಿಟ್ಟರಾಯಿತು. ಅವರು ಅದನ್ನು ತೊಳೆದು, ಬಣ್ಣ ಹಾಕಿ ಬಳೆ ಮಾಡುತ್ತಾರೆ. ಹಾಗೇ ಮಾಡಿದ. ಮೊದಲನೇ ಕತೆಯ ಸಾಕ್ಷಿಯನ್ನು ಕನಕಮ್ಮನೇ ಎರಡು ಕೈ ತುಂಬ ತೊಟ್ಟು, "ಏನ್ರೀ, ಬಳೆ ತಂದ್ರಿ ಇವತ್ತು, ಮಳೆ ಬರ್ತದೆ ಬಿಡಿ" ಅಂತ ಸಂತೋಷಪಟ್ಟಳು.

ಉಳಿದದ್ದು ಒಂದೇ ಅಪಾಯ. ಆ ಕಾಲದಲ್ಲಿ ಇವನ್ನು ನೋಡಿದವರು? ನೋಡಿದ ದೊರೆಗಳೆಲ್ಲ ಹಡಗು ಹತ್ತಿ ಹೋದರು. ನಮ್ಮವರು ನೋಡಿರಬಹುದೇ? ಹಾಲಿನ ಹಳೆ ವಾಚ್‌ಮನ್ ಪೆರುಮಾಳ್‌ನನ್ನು ಒಂದು ಬೀಡಿ ಕೊಟ್ಟು ಮಾತಿಗೆಳೆದ.

"ಅಣ್ಣಾ, ದೊರೆಗಳ ಕಾಲದಾಗೆ ಈ ಹಾಲ್ ಒಳಗೆ ನಮ್ಮೋರ್ನ ಬಿಡ್ತಿದ್ರಾ?"

"ಒಳಗಾ?" ಪೆರುಮಾಳ್ ನಕ್ಕ. "ದೊರೆ ನಾಯೀನಾದ್ರೂ ಬಿಡ್ತಿದ್ರು ತಂಬಿ, ನಮ್ಮನ್ನ ಬಿಡ್ತಿರ್ಲಿಲ್ಲ. ಆದ್ರೂ ನೋಡು, ನಮ್ ಜನ..."

ರೈಲಿನ ಕೂಗು ಕೇಳಿಸಿತು. ಬಚ್ಚಪ್ಪನಿಗೆ ಬೇಕಾದಷ್ಟು ಸಿಕ್ಕಿತ್ತು. "ಬತ್ತೀನಣ್ಣಾ" ಅಂತ ಎದ್ದು ಸ್ಟೇಷನ್ನಿಗೆ ಓಡಿದ. ದಾರಿಯುದ್ದಕ್ಕೂ ಅವನ ಕಾಲು ನೆಲದ ಮೇಲಿರಲಿಲ್ಲ.

ಮುನಿಸ್ವಾಮಪ್ಪನಿಗೆ ಡೋರಮ್ಮನ ಮೊದಲ ಕತೆ ಹೇಳಿದಾಗ ಅವನು ಆಕಳಿಸಲಿಲ್ಲ. ಮೂಟೆಯಿಂದ ಕೆಳಗಿಳಿದ. ಹಮಾಲಿಗಳ ಬೀಡಿ ಕೈಯಲ್ಲೇ ಆರಿತು. ಆದರೆ ಸಾವ್ಕಾರ ಒಂದು ಸಲ ಬೆಂದವನು. ಅವನ ಮೊದಲ ಸಿನಿಮಾದ ಕತೆ ಕದ್ದದ್ದು ಅಂತ ಯಾರೋ ಕೇಸು ಹಾಕಿ, ಅವನು ಮದರಾಸಿನ ಕೋರ್ಟಿಗೆ ಅಲೆದೂ ಅಲೆದೂ ಚಪ್ಪಲಿ ಸವೆಸಿದ್ದ. "ಪತ್ರ ಗಿತ್ರ ನಂಗೆ ಬ್ಯಾಡ ಕಣ್ಲಾ. ದೇವ್ರ ಮುಂದೆ ಕರ್ಪೂರ ಆರ್ಸು" ಅಂದ.

ಅಂಗೈಯಲ್ಲಿ ಕರ್ಪೂರ ಹಚ್ಚಿ, ಆಣೆಯ ಮಾತು ಆಡಿ, ಹಿಡಿ ಮುಚ್ಚಿ ಆರಿಸುವುದು. ಸುಳ್ಳಾಡಿದವನ ಮನೆ ಹಾಳು ಅಂತ ನಮ್ಮ ಕಡೆ ಎಲ್ಲರಿಗೂ ಭಯ. ಬಚ್ಚಪ್ಪನಿಗೂ ಭಯವಿತ್ತು, ಭಯಕ್ಕಿಂತ ಹೆಚ್ಚಾಗಿ ಬುದ್ಧಿಯಿತ್ತು. ಹಿಂದಿನ ದಿನವೆಲ್ಲ ಕೂತು ಆಣೆಯ ಮಾತನ್ನು ಅಕ್ಕಿ ಆರಿಸಿದ ಹಾಗೆ ಆರಿಸಿಟ್ಟಿದ್ದ. 'ನಾನೇ ಬರೆದೆ' ಅನ್ನಲಿಲ್ಲ. ಮುತ್ಯಾಲಮ್ಮನ ಗುಡಿಯ ಮುಂದೆ ನಿಂತು, ಉರಿಯುವ ಕರ್ಪೂರ ಹಿಡಿದು, ಗಟ್ಟಿಯಾಗಿ ಹೇಳಿದ: "ನಾನು ಕೊಡೋ ಕತೇನ ನಮ್ಮ ದೇಶದಾಗೆ ಒಂದು ನರಪಿಳ್ಳೆಯೂ ನೋಡಿಲ್ಲ, ಕೇಳಿಲ್ಲ. ನೋಡಿದ್ದೋರು ಒಬ್ರು ಸಿಕ್ಕಿದ್ರೂ ನಾನು ಕಳ್ಳ."

ಕರ್ಪೂರ ಆರಿತು. ಕೈ ಸ್ವಲ್ಪವೂ ಸುಡಲಿಲ್ಲ. ದೇವರೇ ಒಪ್ಪಿದ ಮೇಲೆ ಇನ್ನೇನು?

"ಸುಳ್ಳಾದ್ರೆ ನಾನು ಕೋರ್ಟಿಗೆ ಓಗಲ್ಲ" ಅಂದ ಮುನಿಸ್ವಾಮಪ್ಪ. "ಪರದೆ ಮ್ಯಾಲಿನ ನಿನ್ನ ಎಸರು ತೆಗೆಸ್ತೀನಿ. ಪಿಚ್ಚರ್ ಪ್ರಚಾರದ ಜಟಕಾ ಐತಲ್ಲ, ಅದ್ರಾಗೆ ನಿನ್ನ ಕುಂಡ್ರಿಸಿ, ಬಂಗಾರಪೇಟೆ ಬೀದಿ ಬೀದೀಲಿ ಮೈಕ್ ಇಡ್ದು, ನಾನು ಬಚ್ಚಪ್ಪ, ಕತೆ ಕಳ್ಳ ಅಂತ ನಿನ್ ಬಾಯಲ್ಲೇ ಕೂಗಿಸ್ತೀನಿ. ಆಗ್ಬೋದಾ?"

"ಓ, ಆಗ್ಬೋದು ಸಾವ್ಕಾರ್ರೆ" ಅಂದ ಬಚ್ಚಪ್ಪ, ನಗುನಗುತ್ತಾ.

ಎರಡು ಸಿನಿಮಾ ಬಂದವು, ಎರಡೂ ಓಡಿದವು. 'ಕತೆ: ಬಚ್ಚಪ್ಪ' ಅಂತ ಮೊದಲ ಸಲ ಪರದೆ ಮೇಲೆ ಬಂದಾಗ ಅವನು ಬಂಗಾರಪೇಟೆಯ ಥೇಟರಿನ ಕತ್ತಲಲ್ಲಿ ಮಗುವಿನ ಹಾಗೆ ಅತ್ತ. ಆಮೇಲೆ ಅತ್ತದ್ದನ್ನು ಮರೆತು ಕೂಲಿಂಗ್ ಗ್ಲಾಸ್ ಕೊಂಡ. ರೈಲಿನಲ್ಲಿ ಜನ ಎದ್ದು ಸೀಟು ಬಿಟ್ಟುಕೊಡತೊಡಗಿದರು. "ಅದೆಂಗೆ ಸಾಮಿ ಒಳೀತದೆ ನಿಮಗೆ?" ಅಂತ ಯಾರಾದರೂ ಕೇಳಿದರೆ, ಆಕಾಶ ನೋಡಿ, "ಬೆಳಿಗ್ಗೆ ಕಾಫಿ ಕುಡೀತಾ ಕೊಲೆ, ಮಧ್ಯಾಹ್ನ ಮದುವೆ" ಅನ್ನುತ್ತಿದ್ದ. ಈ ಮಾತೂ ಅವನದಲ್ಲ ಅಂತ ಅವನಿಗೇ ಮರೆತುಹೋಗಿತ್ತು.

ಮನೆಯಲ್ಲಿ ಮಾತ್ರ ಒಬ್ಬಳು ಇವನ ಸಿನಿಮಾಕ್ಕೆ ಸೊಪ್ಪು ಹಾಕಿರಲಿಲ್ಲ. ಕನಕಮ್ಮನ ತಾಯಿ ಪಾಪಕ್ಕ. ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಕೂಲಿಗಳ ಸಾಲುಮನೆ 'ಲೈನು'ಗಳಲ್ಲಿ ಹುಟ್ಟಿ ಬೆಳೆದ ಮುದುಕಿ. ಗಂಡ ಹೋದ ಮೇಲೆ ಮಗಳ ಮನೆ ಸೇರಿದ್ದಳು. ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುವುದು, ಬೀದಿ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಹರಟುವುದು, ಇಷ್ಟೇ ಕೆಲಸ. ಸಿನಿಮಾಕ್ಕೆ ಕರೆದರೆ ಬಾರಳು. "ಮಾತಾಡೋ ಸಿನಿಮಾ ನಂಗೆ ಸೇರಲ್ಲ ಓಗ್ರಿ. ಅವ್ರೇ ಎಲ್ಲಾ ಮಾತಾಡ್ಬುಟ್ರೆ ಇನ್ನ ನಮಗೇನು ಕೆಲ್ಸ?" ಅನ್ನುತ್ತಿದ್ದಳು. ಇದಕ್ಕೆ ಏನು ಹೇಳುತ್ತೀರಿ? ಬಚ್ಚಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದ. ಅತ್ತೆಯ ಬಾಯಿ ತೆರೆದರೆ ಅಳಿಯನ ಕಿವಿ ತಾನಾಗೇ ಮುಚ್ಚಿಕೊಳ್ಳುತ್ತಿತ್ತು. ಆ ಮನೆಯಲ್ಲಿ ಬಾಳುವುದಕ್ಕೆ ಅವನು ಕಲಿತಿದ್ದ ವಿದ್ಯೆ ಅದು.

ಮೂರನೆಯ ಕತೆಯೇ ಎಲ್ಲಕ್ಕಿಂತ ಸೊಗಸಾದದ್ದು, ಅದರಲ್ಲೇ ತೊಡಕು. ಬಟ್ಟೆ ಹೊಲಿಯುವ ಬಡ ಹುಡುಗಿ. ಹೊಲಿಗೆಗೆ ಬಂದ ಹರಿದ ಕೋಟಿನ ಜೇಬಿಗೆ ಕೈ ಹಾಕುತ್ತಾಳೆ, ವಜ್ರದ ಉಂಗುರ ಸಿಗುತ್ತದೆ. ಅಷ್ಟರಲ್ಲಿ ಕೋಟಿನ ಯಜಮಾನನ ಕೊಲೆಯಾಗಿರುತ್ತದೆ. ಕೊಂದವನು ಅವನ ತಮ್ಮ. ಆದರೆ ಆ ತಮ್ಮ ಬಲಗೈಗೆ ಲಕ್ವ ಹೊಡೆದಿದೆ ಅಂತ ಜೋಲಿ ಕಟ್ಟಿಕೊಂಡು ಓಡಾಡುತ್ತಿದ್ದಾನೆ, ಅವನ ಮೇಲೆ ಯಾರಿಗೂ ಗುಮಾನಿಯಿಲ್ಲ. ಹುಡುಗಿಯನ್ನು ಹಿಡಿದು ಕೋರ್ಟಿನಲ್ಲಿ ನಿಲ್ಲಿಸಿದ್ದಾರೆ. ಜಡ್ಜ್ ಗಲ್ಲು ಬರೆಯುವುದಕ್ಕೆ ಪೆನ್ನು ಎತ್ತುತ್ತಾನೆ. ಅಲ್ಲಿಗೆ ಫಿಲಂ ಮುಗಿಯಿತು! ಕೊನೆಯ ಡಬ್ಬಿ ತೆಗೆದರೆ ಒಳಗೆ ಬೆಲ್ಲದ ಪಾಕ.

ಬಚ್ಚಪ್ಪ ನಿದ್ದೆಗೆಟ್ಟ. ಹುಡುಗಿಯನ್ನು ಹೇಗೆ ಬಿಡಿಸುವುದು? ಡೋರಮ್ಮ ಏನು ಮಾಡಿದ್ದಳು? ಫೋಟೋ ಮುಂದೆ ಊದುಬತ್ತಿಯನ್ನೂ ಹಚ್ಚಿ ಕೇಳಿಕೊಂಡ. ಆಕೆ ಟೋಪಿ ಹಾಕಿಕೊಂಡು ನಗುತ್ತಿದ್ದಳೇ ಹೊರತು ಬಾಯಿ ಬಿಡಲಿಲ್ಲ. ಅತ್ತ ಮುನಿಸ್ವಾಮಪ್ಪ ದಿನಾ ಆಳು ಕಳಿಸುತ್ತಿದ್ದ.

ಒಂದು ಸಂಜೆ ಸೋತು ಸುಣ್ಣವಾಗಿ ಜಗಲಿಯ ಕಂಬಕ್ಕೆ ಒರಗಿ ಜೋಂಪು ಹತ್ತಿದ. ಪಕ್ಕದಲ್ಲಿ ಪಾಪಕ್ಕನ ಅವರೆಕಾಯಿ ಸುಗ್ಗಿ, ಮಕ್ಕಳ ಗಲಾಟೆ. "ದೊರೆಗಳೆಲ್ಲಾ ಎಡಚರು ಕಣ್ಲಾ! ಎಡಗೈನಾಗೆ ಉಣ್ಣೋರು, ಎಡಗೈನಾಗೆ ಬಂದೂಕ ಒಡ್ಯೋರು" ಅಂತ ಅತ್ತೆ ಯಾವುದೋ ಪೋರನಿಗೆ ಹೇಳುತ್ತಿದ್ದದ್ದು ಕೇಳಿಸಿತು. ದೊರೆಗಳ ಮನೆಯ ಬಾಗಿಲನ್ನೂ ಕಂಡಿಲ್ಲ, ಏನು ಕತೆ ಹೊಡೀತಾಳಪ್ಪ ಮುದುಕಿ ಅಂದುಕೊಳ್ಳುತ್ತಲೇ ಬಚ್ಚಪ್ಪ ನಿದ್ದೆಗೆ ಜಾರಿದ. ಎಚ್ಚರವಾದಾಗ ದೀಪ ಹಚ್ಚುವ ಹೊತ್ತು, ಮಕ್ಕಳು ಹೋಗಿದ್ದರು. ಆಗ ಹೊಳೆಯಿತು ನೋಡಿ! ಇಡೀ ಕೋರ್ಟಿನ ಸೀನು ಕಣ್ಣ ಮುಂದೆ ಕಟ್ಟಿದ ಹಾಗೆ ಬಂತು. ಹುಡುಗಿ ಸೆರಗಿನ ಗಂಟಿನಿಂದ ಒಂದು ನಿಂಬೆಹಣ್ಣು ತೆಗೆಯುತ್ತಾಳೆ, ಥಟ್ಟನೆ ಆ ತಮ್ಮನ ಮುಖಕ್ಕೆ ಎಸೆಯುತ್ತಾಳೆ, ಅವನು ಲಕ್ವ ಹೊಡೆದ ಕೈಯಲ್ಲೇ ಅದನ್ನು ಹಿಡಿದುಬಿಡುತ್ತಾನೆ!

ಬಚ್ಚಪ್ಪ ಎದ್ದು ಕುಣಿದ. ಅತ್ತೆಯನ್ನೇ ಹಿಡಿದು ಒಂದು ಸುತ್ತು ತಿರುಗಿಸಿದ. ಉಳಿದದ್ದೆಲ್ಲ ಡೋರಮ್ಮನದಿರಬಹುದು, ನಿಂಬೆಹಣ್ಣು ಮಾತ್ರ ಅಪ್ಪಟ ಬಚ್ಚಪ್ಪನದು! ತಾನು ಕಳ್ಳನಷ್ಟೇ ಅಲ್ಲ, ರೈಟರೂ ಹೌದು ಅಂತ ಅವತ್ತು ಅವನಿಗೆ ಖಾತ್ರಿಯಾಯಿತು. ನಿಜವಾದ ಸಂತೋಷ ಅಂದರೆ ಏನು ಅಂತ ಅವನು ಕಂಡದ್ದೂ ಅವತ್ತೇ.

'ಹರಿದ ಕೋಟು' ಸಿನಿಮಾ ತಯಾರಾಯಿತು. ಹಿಂದಿನ ಎರಡೂ ಕೆ.ಜಿ.ಎಫ್.ಗೆ ಹೋಗಿರಲಿಲ್ಲ, ಅಲ್ಲಿಯ ಥೇಟರುಗಳಲ್ಲಿ ತಮಿಳು ಬಿಟ್ಟರೆ ಬೇರೆ ಓಡುವುದು ಅಷ್ಟರಲ್ಲೇ. ಇದನ್ನೂ ಕಳಿಸುವ ಯೋಚನೆ ಮುನಿಸ್ವಾಮಪ್ಪನಿಗಿರಲಿಲ್ಲ. ಹಟ ಹಿಡಿದವನು ಬಚ್ಚಪ್ಪನೇ. ಇಪ್ಪತ್ತು ವರ್ಷ ತನ್ನನ್ನು ಬರೀ ಆಪರೇಟರ್ ಅಂತ ನೋಡಿದ ಊರು, ಆ ಊರಿನ ಪರದೆ ಮೇಲೆ ತನ್ನ ಹೆಸರು ಬರಬೇಡವೇ? ಬೇಡಿದ, ಕಾಡಿದ, ಮಂಡಿಯಲ್ಲಿ ಉಪವಾಸ ಕೂತುಕೊಳ್ಳುತ್ತೇನೆ ಅಂದ. ಸಾವ್ಕಾರ ಒಪ್ಪಿದ. ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಒಂದು ಥೇಟರಿನಲ್ಲಿ ಮಧ್ಯಾಹ್ನದ ಮೊದಲ ಆಟ. ಇಷ್ಟಾದ ಮೇಲೆ ಅತ್ತೆಯೊಬ್ಬಳು ಯಾಕೆ ತಪ್ಪಿಸಿಕೊಳ್ಳಬೇಕು? "ನಿಮ್ಮ ಕೆ.ಜಿ.ಎಫ್.ಗೇ ಕರ್ಕೊಂಡೋಗ್ತೀನಿ ಬನ್ನಿ" ಅಂದ. ಹುಟ್ಟೂರು ಅಂದ ಕೂಡಲೇ ಪಾಪಕ್ಕ ಹೊಸ ಸೀರೆ ಉಟ್ಟು ರೈಲಿಗೆ ಎಲ್ಲರಿಗಿಂತ ಮುಂಚೆ ಹತ್ತಿ ಕೂತಳು.

ಥೇಟರ್ ತುಂಬಿತ್ತು. ಕನ್ನಡ ಸಿನಿಮಾ ಆದರೇನು, ನಮ್ಮ ಆಪರೇಟರದ್ದಂತೆ ಅಂತ ಲೈನುಗಳ ಹೆಂಗಸರು ಮಕ್ಕಳುಮರಿ ಕಟ್ಟಿಕೊಂಡು ಬಂದಿದ್ದರು. ಬಚ್ಚಪ್ಪನ ಒಂದು ಪಕ್ಕ ಕನಕಮ್ಮ, ಅವಳಾಚೆ ಪಾಪಕ್ಕ. ಇನ್ನೊಂದು ಪಕ್ಕ ಮುನಿಸ್ವಾಮಪ್ಪ. ಹೆಸರು ಬಂತು. ಜನ ಶಿಳ್ಳೆ ಹೊಡೆದರು. ಕನಕಮ್ಮ ಗಂಡನ ತೊಡೆ ಚಿವುಟಿದಳು. ಸ್ವರ್ಗ ಅಂದರೆ ಇದೇ ಅಂದುಕೊಂಡ ಬಚ್ಚಪ್ಪ.

"ಇದೇನೇ ಕನಕಾ, ಎಲ್ರೂ ಬಲಗೈನಾಗೆ ಉಣ್ತಾವ್ರೆ?" ಅಂದಳು ಪಾಪಕ್ಕ, ಪರದೆ ನೋಡುತ್ತಾ. ಕನಕಮ್ಮ ಶ್ ಅಂದಳು.

ಪರದೆಯ ಮೇಲೆ ಹುಡುಗಿ ಹರಿದ ಕೋಟನ್ನು ಕೈಗೆತ್ತಿಕೊಂಡಳು ಅಷ್ಟೇ. ಮುಂದಿನ ಸಾಲಿನಲ್ಲಿದ್ದ ಲೈನಿನ ಮಾರಿಯಮ್ಮ, "ಐಯೋ, ಜೇಬಾಗೆ ಕೈ ಆಕ್‌ಬ್ಯಾಡ್ವೇ!" ಅಂತ ಕೂಗಿದಳು. ಜೇಬು ಇನ್ನೂ ಕಾಣಿಸಿಯೇ ಇರಲಿಲ್ಲ. ಒಳ್ಳೆ ಚುರುಕು ಜನ ಅಂತ ಬಚ್ಚಪ್ಪ ಮೆಚ್ಚಿಕೊಂಡ. ಆಮೇಲೆ ಕೊಲೆಗಾರ ತಮ್ಮ ಬಂದ. "ಕಳ್ಳ ನನ್ಮಗ, ಕೈ ನೆಟ್ಟಗೈತೆ, ಜೋಲಿ ಕಟ್ಕೊಂಡು ಬಂದ!" ಅಂತ ಇನ್ನೊಂದು ಸಾಲು. ಬಚ್ಚಪ್ಪ ಸೀಟಿನಲ್ಲಿ ತಗ್ಗಿ ಕೂತ. ಮುನಿಸ್ವಾಮಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ.

ಕೋರ್ಟು ಬಂತು. ಜಡ್ಜ್ ಪೆನ್ನು ಎತ್ತಿದ. ಇಡೀ ಥೇಟರ್ ಎದ್ದು ನಿಂತಿತು.

"ನಿಂಬೆಅಣ್ಣು ಎಸಿಯಮ್ಮೋ!"

"ನಿಮ್ಮಕಾಯ ವಿಸುರಮ್ಮಾ!"

"ಎಲುಮಿಚ್ಚಂಪಳಂ ಎಡುತ್ತು ಅಡಿಮ್ಮಾ!"

ಮೂರು ಭಾಷೆಯಲ್ಲಿ ನಿಂಬೆಹಣ್ಣು ಬಿತ್ತು. ಪರದೆಯ ಮೇಲಿನ ಹುಡುಗಿ ಇನ್ನೂ ಸೆರಗಿನ ಗಂಟಿಗೆ ಕೈ ಹಾಕಿರಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದು ಪಾಪಕ್ಕ.

ದೀಪ ಬಂದ ಕೂಡಲೇ ಮುನಿಸ್ವಾಮಪ್ಪ ಮಾರಿಯಮ್ಮನ ಮುಂದೆ ಹೋಗಿ ನಿಂತ. "ಏನಮ್ಮಾ, ಸಿನಿಮಾ ಬಂದಿರೋದೇ ಇವತ್ತು. ಇದೇ ಮೊದಲ್ನೇ ಆಟ. ನಿಂಗೆಂಗೆ ಗೊತ್ತು ನಿಂಬೆಹಣ್ಣು?"

"ಏನು ಸಾಮಿ ಇಂಗ್ ಕೇಳ್ತೀರಿ? ನಮ್ಮಮ್ಮ ಅನ್ನ ತಿನ್ಸುವಾಗ ಏಳ್ತಿದ್ದ ಕತೆ ಇದು. ಲೈನಿನಾಗೆ ಎಲ್ಲಾರ್ಗೂ ಗೊತ್ತು. ಊರಿಗಾಂ ಆಲ್‌ನಾಗೆ ದೊರೆಗಳು ಆಕ್ತಿದ್ದ ಸಿನಿಮಾ."

"ಸುಳ್ಳು!" ಅಂತ ಬಚ್ಚಪ್ಪ ಮಧ್ಯೆ ನುಗ್ಗಿದ. "ಸುಳ್ಳು ಸಾವ್ಕಾರ್ರೆ! ಆ ಸಿನಿಮಾ ಆಡ್ವಾಗ ನಮ್ಮೋರ್ನ ಒಳಗೇ ಬಿಟ್ಟಿಲ್ಲ, ನಾನು ವಿಚಾರಿಸಿದ್ದೀನಿ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮುನಿಸ್ವಾಮಪ್ಪ ನಿಧಾನವಾಗಿ ಇವನ ಕಡೆ ತಿರುಗಿದ. "ಓಹೋ. ಅಂದ್ರೆ ಆ ಸಿನಿಮಾ ಅಲ್ಲಿ ಆಡಿದ್ದು ನಿಂಗೂ ಗೊತ್ತು."

ಪಾಪಕ್ಕನಿಗೆ ಇದ್ಯಾವುದೂ ತಲೆಗೆ ಹೋಗಿರಲಿಲ್ಲ. ಐವತ್ತು ವರ್ಷದ ಹಿಂದಿನ ಗೆಳತಿಯರ ಮಕ್ಕಳ ಮಧ್ಯೆ ಹಿಗ್ಗಿ ಹೀರೇಕಾಯಾಗಿದ್ದಳು. "ಒಳಗ್ಯಾರು ಓದ್ರು ಅಳಿಯಂದ್ರೇ?" ಅಂದಳು. "ದೊರೆಗಳು ಪರದೆ ಮುಂದೆ, ಕುರ್ಚಿ ಮ್ಯಾಲೆ. ನಾವು ಇಂದ್ಗಡೆ ದೊಡ್ಡಬಾಗ್ಲು ತೆಗೆದು ಬಯಲಾಗೆ, ನೆಲದ ಮ್ಯಾಲೆ. ಬಟ್ಟೆ ಪರದೆ ಅಲ್ವಾ, ಎಲ್ಡು ಕಡೀಕೂ ಬೊಂಬೆ ಕಾಣ್ತಿತ್ತು. ಒಂದೊಂದು ಸಿನಿಮಾನ ವರ್ಸಗಟ್ಲೆ ಆಕ್ತಿದ್ರು. ಬರೆದಿರೋದು ನಮಗೆಲ್ಲಿ ಓದಾಕ್ ಬತ್ತದೆ? ನಮ್ಮಪ್ಪ ಪಕ್ಕದಾಗೆ ನಿಂತ್ಕೊಂಡು ತೆಲುಗು, ತಮಿಳು, ಕನ್ನಡ ಎಲ್ಲಾ ಬೆರೆಸಿ ಕತೆ ಕೂಗಿ ಏಳ್ತಿದ್ದ. ಆ ಉಡುಗಿ ಎಸೆದಿದ್ದು ಅದ್ಯಾವ್ದೋ ದಪ್ಪನೆ ಸೀಮೆ ಅಣ್ಣು. ನಮ್ಮಪ್ಪಂಗೆ ಅದು ಏನೂ ಅಂತ ತಿಳೀಲಿಲ್ಲ, ನಿಂಬೆಅಣ್ಣು ಅಂದ್ಬುಟ್ಟ. ಆವತ್ತೊಂದಿನ ಜಗಲಿ ಮ್ಯಾಲೆ ಮಕ್ಕಳಿಗೂ ಅದೇ ಏಳಿದ್ನಲ್ಲ, ನೀವೂ ಕಂಬಕ್ಕೆ ಒರ್ಗಿ ಕೇಳ್ತಾ ಕುಂತಿದ್ರಿ!"

ಬಚ್ಚಪ್ಪನಿಗೆ ಮಿಕ್ಕದ್ದೆಲ್ಲ ಹೋದದ್ದು ಅಷ್ಟು ನೋಯಲಿಲ್ಲ. ನಿಂಬೆಹಣ್ಣು ಹೋಯಿತಲ್ಲ, ಅದು ಕರುಳಿಗೇ ತಾಗಿತು. ಪರದೆಯ ಹಿಂದಿನಿಂದ, ಬಲವೆಲ್ಲ ಎಡವಾಗಿ ನೋಡಿದವರಿಗೆ ದೊರೆಗಳೆಲ್ಲ ಎಡಚರಾಗಿ ಕಾಣದೆ ಇರುತ್ತಾರೆಯೇ? ಕನಕಮ್ಮ ಹಣೆ ಬಡಿದುಕೊಂಡಳು, ಕೈಯ ಫಿಲಂ ಬಳೆಗಳು ಟಕಟಕ ಅಂದವು. "ನಾಳೆ ಬೆಳಿಗ್ಗೆ ಜಟಕಾ ಕಟ್ಸಿರ್ತೀನಿ" ಅಂದ ಮುನಿಸ್ವಾಮಪ್ಪ, ಸಿಟ್ಟೂ ಇಲ್ಲದೆ. "ಮೈಕೂ ಐತೆ. ಗಂಟ್ಲು ನೆಟ್ಟಗೆ ಇಟ್ಕೊಂಡು ಬಾ."

ಪಾಪಕ್ಕನಿಗೆ ಇನ್ನೂ ಒಂದು ನೆನಪು ಬಾಕಿ ಇತ್ತು. "ಒಣಗಿದ ಬಟ್ಟೇಲಿ ಇಂದಕ್ಕೆ ಬೆಳಕು ಬರಲ್ಲ ಅಳಿಯಂದ್ರೇ, ಆಟಕ್ಕೆ ಮುಂಚೆ ಪರದೆ ನೆನೆಸಬೇಕು. ಅದು ನನ್ನ ಕೆಲ್ಸ. ಕೆಂಪು ಬಕೆಟ್ನಾಗೆ ನೀರು ತುಂಬಿ ಪಿಚಕಾರೀಲಿ ಒಡೀತಿದ್ದೆ. ಅವು ಇನ್ನೂ ಅವ್ಯಾ ಅಲ್ಲಿ?" ಅಂತ ಕೇಳಿದಳು. "ಅವೆ ಅತ್ತೆ" ಅಂದ ಬಚ್ಚಪ್ಪ. ಫಿಲಮ್ಮಿಗೆ ಬೆಂಕಿ ಹತ್ತುವುದು ಮಷೀನಿನಲ್ಲಿ. ಬಕೆಟ್ಟುಗಳು ಇದ್ದದ್ದು ಹಾಲಿನ ಆ ತುದಿಯಲ್ಲಿ, ಪರದೆಯ ಬುಡದಲ್ಲಿ. ಇಪ್ಪತ್ತು ವರ್ಷದ ಆಪರೇಟರಿಗೆ ಇಷ್ಟು ಹೊಳೆಯಬೇಡವೇ? ಡೋರಮ್ಮನ ಒಂದೊಂದು ಕತೆಯನ್ನೂ ಕದಿಯುವಾಗ ಅವನು ಆ ಬಕೆಟ್ಟುಗಳಲ್ಲೇ ಒಂದನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ.